ಶುಕ್ರವಾರದ ಪುಸ್ತಕದ ಹಿಂಬದಿ

ಗೋರಿ ತೋಡುವವನಿಗೂ ಒಂದು ಶುಕ್ರವಾರ ಸಿಕ್ಕಿತು. ವ್ಯಾನಣ್ಣನಿಗೆ ಸಿಗಲಿಲ್ಲ.

ಕೇಳಿದವರು ನಕ್ಕಾರು. ನಗಲಿ ಬಿಡಿ. ಮೂವತ್ತನಾಲ್ಕು ವಾರ ಒಂದೇ ಕಿಟಕಿಯ ಹೊರಗೆ ನಿಂತು ಒಳಗಿನ ಚಪ್ಪಾಳೆ ಕೇಳಿಸಿಕೊಂಡವನ ಹೊಟ್ಟೆಸಂಕಟ ಅವರಿಗೇನು ಗೊತ್ತು!

ಇಪ್ಪತ್ತೇಳು ಮಕ್ಕಳು, ಇಬ್ಬರು ಟೀಚರ್‌ಗಳು, ಎರಡೂವರೆ ಕೋಣೆ. ಇಷ್ಟೇ ಶಾಲೆ. ಲ್ಯಾಬ್ ಇಲ್ಲ, ಲೈಬ್ರರಿ ಇಲ್ಲ, ಆಟದ ಮೈದಾನ ಅಂತ ಇದ್ದದ್ದು ವ್ಯಾನ್ ನಿಲ್ಲಿಸುವ ಜಾಗ. "ಇಲ್ಲದ್ದನ್ನ ಊರಿಂದ ಕಡ ತರೋಣ," ಅಂದವಳು ಚಿಕ್ಕ ಟೀಚರ್. ಹಾಗೆ ಶುರುವಾಯಿತು ಶುಕ್ರವಾರದ ಅತಿಥಿ. ವಾರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೆ, ಊರಲ್ಲಿ ಏನಾದರೊಂದು ಕೆಲಸ ಬಲ್ಲವರು ಬಂದು ಮಕ್ಕಳ ಮುಂದೆ ನಿಲ್ಲುವುದು. ತಿಂಗಳಿಗೊಮ್ಮೆ ಶಾಲೆಯೇ ಹೊರಡುವುದು. ಮ್ಯೂಸಿಯಂಗೆ, ರಂಗಮಂದಿರದ ಪರದೆಯ ಹಿಂದಕ್ಕೆ, ಪಿಟೀಲು ರಿಪೇರಿ ಮಾಡುವ ಮುದುಕನ ಅಂಗಡಿಗೆ. ಹೊರಡಿಸುವವನು ವ್ಯಾನಣ್ಣ.

ಅತಿಥಿಗೆ ನಿಯಮ ಒಂದೇ. ತನ್ನ ಕೆಲಸದಲ್ಲಿ ಮಾಡಿದ ಒಂದು ತಪ್ಪನ್ನು ಮುಚ್ಚುಮರೆಯಿಲ್ಲದೆ ಮಕ್ಕಳಿಗೆ ಹೇಳಬೇಕು. ಚಿಕ್ಕ ಟೀಚರಿಗೂ ಒಂದು ನಿಯಮವಿತ್ತು. ಅತಿಥಿ ಯಾರು ಅಂತ ಎರಡು ಸಾಲು ಬರೆದು ಎಲ್ಲರೆದುರು ಓದಬೇಕು, ಅದರಲ್ಲಿ ಒಂದಕ್ಷರ ಸುಳ್ಳಿರಬಾರದು. ಇದನ್ನು ಮಾಡಿದವರು ದೊಡ್ಡ ಟೀಚರ್. ಮೊದಲ ವಾರ ಬಂದ ರಿಟೈರ್ಡ್ ಅಧಿಕಾರಿಯೊಬ್ಬರನ್ನು ಚಿಕ್ಕ ಟೀಚರ್ "ಮಹಾನ್ ವ್ಯಕ್ತಿ" ಅಂತ ಪರಿಚಯಿಸಿದಳು, ಆತ ಅದನ್ನು ನಂಬಿ ಎರಡೂಕಾಲು ಗಂಟೆ ಮಾತಾಡಿದರು. ಆವತ್ತೇ ನಿಯಮ ಬಂತು.

ಎಲ್ಲರೂ ಬಂದರು. ಕೊಯ್ದ ಕಲ್ಲಂಗಡಿಯ ಹಾಗೆ ಕೆಂಪಗೆ ನಗುವ ಬೇಕರಿಯವನು ಬಂದ, ಒಂದು ದಿನದ ಬ್ರೆಡ್ಡಿಗೆಲ್ಲ ಉಪ್ಪು ಮರೆತದ್ದನ್ನು ಹೇಳಿದ. ನರ್ಸ್ ಬಂದಳು. ಬೀದಿದೀಪಕ್ಕೆ ಬಲ್ಬು ಹಾಕುವವನು ಏಣಿ ಸಮೇತ ಬಂದ. ಗೋರಿ ತೋಡುವವನು ಬಂದು, ಒಮ್ಮೆ ಅಳತೆ ತಪ್ಪಿ ಗಿಡ್ಡದಾಗಿ ತೋಡಿದ್ದನ್ನು ಹೇಳಿ ಮಕ್ಕಳನ್ನು ಬಿದ್ದು ಬಿದ್ದು ನಗಿಸಿದ. ಹೋಗಲಿ ಅಂದರೆ, ಏಳನೇ ವಾರ ವ್ಯಾನಣ್ಣನ ಸ್ವಂತ ಅಕ್ಕನಿಗೇ ಕರೆ ಬಂತು! ಅಕ್ಕ ಮನೆಯಲ್ಲೇ ಹೊಲಿಗೆ ಮೆಶಿನ್ ಇಟ್ಟುಕೊಂಡವಳು. ಮದುಮಗನ ಕೋಟಿಗೆ ಎರಡೂ ಎಡಗೈ ತೋಳು ಹೊಲಿದ ಕಥೆ ಹೇಳಿ ಬಂದಳು. ಅವಳನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ಇಳಿಸಿದವನೂ ಅವನೇ.

"ನನ್ನನ್ನ ಯಾಕೆ ಕರೀತಿಲ್ಲ ಅಕ್ಕಾ?" ಅಂತ ಅವನು ಆ ಸಂಜೆ ತಡೆಯಲಾರದೆ ಕೇಳಿದ.

"ಅಯ್ಯೋ ಹುಚ್ಚಪ್ಪ. ಹಿತ್ತಲ ಗಿಡ ಮದ್ದಲ್ಲ ಕಣೋ. ದಿನಾ ಕಣ್ಣಿಗೆ ಬೀಳೋನನ್ನ ಯಾರು ಅತಿಥಿ ಅಂತಾರೆ?"

"ನಿನ್ನ ಕರೆದ್ರಲ್ಲ."

"ನಾನು ಕಲಾವಿದೆ." ಅಕ್ಕ ದಾರವನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿ ಅವನ ಮುಖ ನೋಡಿದಳು. ನಗು ನಿಂತಿತು. "ಏನೋ ಇದು? ಇಷ್ಟು ಆಳಕ್ಕೆ ಹೋಗಿದ್ಯಾ?"

ಹೋಗಿದ್ದ. ವ್ಯಾನಿನೊಳಗೆ ಒಂದು ಕನ್ನಡಿ ಇರುತ್ತದಲ್ಲ, ಅದೇ ಅವನನ್ನು ಹಾಳು ಮಾಡಿದ್ದು. ಚಿಕ್ಕ ಟೀಚರ್ ಮೂರನೇ ಸಾಲಿನ ಕಿಟಕಿಯ ಪಕ್ಕ ಕೂರುತ್ತಿದ್ದಳು, ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡು. ಬೆರಳು ಮಾಡಿ ತಲೆ ಎಣಿಸುತ್ತಿದ್ದಳು. ಇಪ್ಪತ್ತೇಳು ಮುಗಿದ ಮೇಲೆ ಆ ಬೆರಳು ನಿಧಾನವಾಗಿ ಕನ್ನಡಿಯ ಕಡೆ ತಿರುಗುತ್ತಿತ್ತು, ಅದರ ಹಿಂದೆಯೇ ಎರಡು ಕಣ್ಣು.

"ಸಾರಥಿಗಳೂ ಸೇರಿ ಇಪ್ಪತ್ತೆಂಟು. ಹೊರಡಿ."

ಆ ಒಂದು ಮಾತಿಗಾಗಿ ಅವನು ಬೆಳಗ್ಗೆ ಐದಕ್ಕೆ ಎದ್ದು ವ್ಯಾನ್ ತೊಳೆಯುತ್ತಿದ್ದ.

ಮ್ಯೂಸಿಯಂಗೆ ಹೋದ ದಿನ ತಿರುವು ದಾಟಿ ಮೂರು ಕಿಲೋಮೀಟರ್ ಮುಂದೆ ಹೋಗಿಬಿಟ್ಟಿದ್ದ. ವಾಪಸ್ ತಿರುಗಿಸುವಾಗ ಕಿವಿ ಕೆಂಪಾಗಿತ್ತು.

"ರಸ್ತೆ ಬಂದ್ ಆಗಿತ್ತು ಟೀಚರ್. ಸುತ್ತಿಕೊಂಡು ಬಂದೆ."

"ಹೌದಾ? ಬಂದ್ ಮಾಡಿದೋರು ಬೋರ್ಡ್ ಹಾಕೋದು ಮರೆತಿರ್ಬೇಕು. ಪಾಪ." ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆದರೆ ಕೆನ್ನೆಯ ಗುಳಿಯನ್ನು ಕನ್ನಡಿಯಿಂದ ಮುಚ್ಚಿಡಲು ಆಗಲಿಲ್ಲ.

ಇಷ್ಟೆಲ್ಲ ಇದ್ದೂ ಒಳಗೆ ಬನ್ನಿ ಅಂತ ಅವಳು ಒಂದು ದಿನವೂ ಅನ್ನಲಿಲ್ಲ. ಅದು ಅವನಿಗೆ ಚುಚ್ಚುತ್ತಿತ್ತು, ಯಾಕೆಂದರೆ ಅವನು ಎಂಟನೇ ಕ್ಲಾಸಿನ ನಡುವೆ ಎದ್ದು ಬಂದವನು. ಅಪ್ಪ ತೀರಿಕೊಂಡ ಮರುವಾರ ಗ್ಯಾರೇಜಿಗೆ ಸೇರಿದ. ಅಂದಿನಿಂದ ಯಾವ ಕ್ಲಾಸಿನ ಹೊಸಿಲನ್ನೂ ದಾಟಿರಲಿಲ್ಲ. ಯಾರಾದರೂ ಕರೆದು, ನಿನಗೂ ಏನೋ ಗೊತ್ತಿದೆ ಬಾ ಅಂದರೆ ದಾಟಬೇಕು ಅಂತ ಒಂದು ಹಟ ಮನಸ್ಸಿನಲ್ಲಿ ಕೂತಿತ್ತು. ಕರೆಯುವವಳು ಅವಳೇ ಆಗಿರಬೇಕು ಅಂತ ಯಾವಾಗ ಸೇರಿಕೊಂಡಿತೋ ಅವನಿಗೇ ತಿಳಿಯದು.

ಹೀಗಿರುವಾಗ ಆದೇಶ ಬಂತು. ಮಕ್ಕಳು ಕಡಿಮೆ ಅಂತ ಶಾಲೆಯನ್ನು ಹದಿನಾಲ್ಕು ಕಿಲೋಮೀಟರ್ ಆಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ಆ ಶಾಲೆಗೆ ಅದರದ್ದೇ ಬಸ್ಸುಗಳಿವೆ, ವ್ಯಾನ್ ಬೇಡ. ದೊಡ್ಡ ಟೀಚರಿಗೆ ನಿವೃತ್ತಿ. ಚಿಕ್ಕ ಟೀಚರಿಗೆ ಎಂಟು ಗಂಟೆ ದಾರಿಯ ದೂರದ ಊರಿಗೆ ವರ್ಗ. ಉಳಿದದ್ದು ಎರಡು ಶುಕ್ರವಾರ.

ಆಸೆ ಅನ್ನುವುದು ಕೆಟ್ಟದ್ದು, ಮಾನ ಬಿಡಿಸುತ್ತದೆ. ಆ ಸಂಜೆ ಮಕ್ಕಳನ್ನೆಲ್ಲ ಮನೆಗೆ ಬಿಟ್ಟು ಶಾಲೆಗೆ ವಾಪಸ್ ಬಂದ ಮೇಲೆ ಅವನು ಎಂಜಿನ್ ಆರಿಸಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿಯೇ ಬಿಟ್ಟ.

"ಟೀಚರ್. ಇನ್ನು ಎರಡೇ ವಾರ ಇದೆ. ಒಂದು ಶುಕ್ರವಾರ ನಾನು ಬರ್ಲಾ? ಅತಿಥಿಯಾಗಿ?"

ಕನ್ನಡಿಯಲ್ಲಿ ಅವಳ ಮುಖದ ಬಣ್ಣ ಇಳಿದದ್ದನ್ನು ಅವನು ಕಂಡ.

"ಬೇಡ," ಅಂದಳು. ತುಂಬಾ ಬೇಗ ಅಂದಳು. "ನೀವು ಬೇಡ. ಬೇರೆಯವರಿಗೆ ಹೇಳಿಯಾಗಿದೆ." ಬ್ಯಾಗು ಎತ್ತಿಕೊಂಡು ಇಳಿದು, ಹಿಂದಿರುಗಿ ನೋಡದೆ ಹೋದಳು.

ಅವನು ಅಲ್ಲೇ ಕೂತಿದ್ದ. ಎಷ್ಟು ಹೊತ್ತು ಅಂದರೆ, ಬಾಗಿಲಿಗೆ ಬೀಗ ಹಾಕಲು ಬಂದ ದೊಡ್ಡ ಟೀಚರ್ ಗಾಜು ತಟ್ಟಿ, "ಯಾಕಪ್ಪಾ, ಮೈ ಹುಷಾರಿಲ್ವಾ?" ಅಂತ ಕೇಳಿದರು. ಚೆನ್ನಾಗಿದೀನಿ ಅಂದ. ಮನೆಗೆ ಹೋಗಿ ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಎದ್ದ. ಅಕ್ಕ ತಟ್ಟೆಯಲ್ಲಿ ಉಳಿದದ್ದನ್ನು ಮುಚ್ಚಿಟ್ಟಳು.

ಮರುದಿನ ಬೆಳಗ್ಗೆ ಕೈ ಚಾಚಿ ಒಳಗಿನ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿಟ್ಟ.

ಅವಳು ಎಣಿಸಿದಳು. ಇಪ್ಪತ್ತಾರು, ಇಪ್ಪತ್ತೇಳು. ಬೆರಳು ಕನ್ನಡಿಯತ್ತ ತಿರುಗಿ ಗಾಳಿಯಲ್ಲೇ ನಿಂತಿತು.

"ಕನ್ನಡಿ ಯಾಕೆ ಮೇಲೆ ನೋಡ್ತಿದೆ?"

"ಹಿಂದೆ ನೋಡೋದೇನಿಲ್ಲ ಟೀಚರ್. ಹೊರಗಿನ ಎರಡು ಸಾಕು."

ಇಪ್ಪತ್ತೆಂಟು ಅನ್ನುವ ಮಾತು ಆವತ್ತು ಬರಲಿಲ್ಲ. ಆಮೇಲೂ ಬರಲಿಲ್ಲ. ಎರಡು ವಾರ ಆ ವ್ಯಾನಿನಲ್ಲಿ ಮಕ್ಕಳು ಕೂಡ ಪಿಸುಗುಟ್ಟಿ ಮಾತಾಡಿದವು. ಅವನಿಗೆ ಬೇಕಾಗಿದ್ದದ್ದು ಒಂದೇ. ಅವಳು ಒಮ್ಮೆ ಜಗಳವಾಡಲಿ, ಬೈಯಲಿ, ಕನ್ನಡಿಯನ್ನು ತಾನೇ ಎದ್ದು ಬಂದು ಸರಿ ಮಾಡಲಿ. ಅವಳು ಮಾಡಲಿಲ್ಲ. ಇವನು ಸೋಲಲಿಲ್ಲ. ಇಬ್ಬರ ಬಾಯಲ್ಲೂ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಕೊನೆಯ ಶುಕ್ರವಾರ ಶಾಲೆಯ ಸಾಮಾನು ಸಾಗಿಸುವ ಕೆಲಸ ಅವನಿಗೇ ಬಿತ್ತು. ಸೀಟುಗಳನ್ನು ಮಡಚಿ ಬೆಳಗ್ಗೆ ಮೊದಲ ಟ್ರಿಪ್ಪಿನಲ್ಲಿ ಬೆಂಚು, ಭೂಪಟ, ಗ್ಲೋಬು, ಬಾಗಿಲಲ್ಲಿ ನೇತಾಡುತ್ತಿದ್ದ ಹಿತ್ತಾಳೆಯ ಗಂಟೆ. ಗಂಟೆಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಾಗ ಅದು ಒಮ್ಮೆ ಸಣ್ಣಗೆ ಸದ್ದು ಮಾಡಿತು. ಕ್ಲಾಸ್ ಮುಗಿಯಿತು ಅಂದುಕೊಂಡು ನಾಲ್ಕು ಮಕ್ಕಳು ಹೊರಗೆ ಓಡಿ ಬಂದವು.

ಎರಡನೇ ಟ್ರಿಪ್ಪಿಗೆ ಪುಸ್ತಕದ ಡಬ್ಬಗಳು. ದೊಡ್ಡ ಟೀಚರ್ ಸ್ವತಃ ಒಂದನ್ನು ಎತ್ತಿ ಮುಂದಿನ ಸೀಟಿನಲ್ಲಿ ಇಟ್ಟರು.

"ಇದಕ್ಕೆ ಹಗ್ಗ ಕಟ್ಟಿಲ್ಲ. ಮೇಲಿಂದ ಜಾರತ್ತೆ. ಇಳಿಸುವಾಗ ನೀವೇ ಇಳಿಸಿ, ಕಣ್ಣಿಟ್ಟು ಇಳಿಸಿ," ಅಂದರು. ಕನ್ನಡಕದ ಮೇಲಿಂದ ಅವನನ್ನು ನೋಡಿದ ನೋಟ ಸ್ವಲ್ಪ ಉದ್ದವಾಯಿತು.

ದೊಡ್ಡ ಶಾಲೆಯ ಅಂಗಳದಲ್ಲಿ ಡಬ್ಬ ಎತ್ತಿದ್ದೇ ತಡ, ಮೇಲಿನ ಪುಸ್ತಕ ಜಾರಿ ಮಣ್ಣಿಗೆ ಬಿತ್ತು. ನೀಲಿ ರಟ್ಟಿನ ದಪ್ಪ ಪುಸ್ತಕ. ಶುಕ್ರವಾರದ ಪುಸ್ತಕ ಅಂತ ಅವಳದೇ ಅಕ್ಷರ. ಧೂಳು ಒರೆಸಿ ಇಡಬೇಕು ಅಂತಲೇ ಎತ್ತಿಕೊಂಡ. ಮುಂದಿನ ಪುಟಗಳಲ್ಲಿ ಅಚ್ಚುಕಟ್ಟಾದ ಎರಡೆರಡು ಸಾಲು. ಗೋರಿ ತೋಡುವವನ ಬಗ್ಗೆ, "ಇವರು ಊರಿನ ಎಲ್ಲರನ್ನೂ ಕೊನೆಗೊಮ್ಮೆ ಭೇಟಿಯಾಗುವವರು. ಯಾರ ಜೊತೆಗೂ ಜಗಳವಾಡದವರು." ಅಕ್ಕನ ಬಗ್ಗೆ, "ಇವರ ಕತ್ತರಿಯೂ ಹರಿತ, ನಾಲಿಗೆಯೂ ಹರಿತ. ಎರಡೂ ಸಾಮಾನ್ಯವಾಗಿ ಅಳತೆ ತಪ್ಪುವುದಿಲ್ಲ."

ಅವನಿಗೆ ನಗು ಬಂತು. ಮುಚ್ಚಲು ಹೋದಾಗ ಪುಸ್ತಕ ಹಿಂದಿನಿಂದ ತೆರೆದುಕೊಂಡಿತು. ಅಲ್ಲಿ ಕರಡು. ಪೆನ್ಸಿಲಿನಲ್ಲಿ. ಎಲ್ಲಕ್ಕಿಂತ ಮೇಲೆ ವರ್ಷದ ಎರಡನೇ ಶುಕ್ರವಾರದ ತಾರೀಕು.

"ಅತಿಥಿ: ವ್ಯಾನಣ್ಣ. ಇವರು ನಮ್ಮ ವ್ಯಾನ್ ಓಡಿಸುವವರು. ಇವರಿಗೆ ಊರಿನ ಎಲ್ಲ ದಾರಿಗಳೂ" ಅಲ್ಲಿಗೆ ಅಡ್ಡಗೆರೆ. ಪಕ್ಕದಲ್ಲಿ, "ಮುಂದಿನ ವಾರ."

ಮುಂದಿನ ವಾರ. "ಅತಿಥಿ: ವ್ಯಾನಣ್ಣ. ಇವರು ನಮ್ಮ ವ್ಯಾನ್ ಓಡಿಸುವವರು. ಯಾವ ಮಗುವಿಗೆ ವಾಂತಿ ಬರುತ್ತದೆ ಅಂತ ಮುಖ ನೋಡಿಯೇ ತಿಳಿಯುವವರು. ನನ್ನ ಮುಖ ನೋಡಿ ಮಾತ್ರ" ಅಡ್ಡಗೆರೆ. "ಮುಂದಿನ ವಾರ."

ಅವನು ಅಂಗಳದಲ್ಲಿ ಮಂಡಿಯೂರಿ ಕೂತುಬಿಟ್ಟ. ಪುಟ ತಿರುಗಿಸಿದ. ಮತ್ತೆ ತಿರುಗಿಸಿದ. ಒಂದೊಂದು ಶುಕ್ರವಾರಕ್ಕೂ ಮೊದಲ ಹೆಸರು ಅವನದೇ. ಅವನನ್ನು ಹೊಡೆದು ಹಾಕಿದ ಮೇಲೆಯೇ ಬೇಕರಿಯವನು, ನರ್ಸು, ಏಣಿಯವನು. "ಇವರು ಎರಡು ಸಲ ಹಾರ್ನ್ ಮಾಡಿದರೆ ನನಗೆ" ಅಡ್ಡಗೆರೆ. "ಮ್ಯೂಸಿಯಂ ದಿನ ರಸ್ತೆ ಬಂದ್ ಆಗಿರಲಿಲ್ಲ. ನನಗೆ ಗೊತ್ತಿತ್ತು. ಇನ್ನೂ ಮೂರು ಕಿಲೋಮೀಟರ್ ಹೋಗಿದ್ದರೆ" ಅಡ್ಡಗೆರೆ, ಅದರ ಮೇಲೆ ಮತ್ತೊಂದು, ಕಾಗದ ಹರಿಯುವ ಹಾಗೆ.

ಕೊನೆಯ ಪುಟದಲ್ಲಿ ಇವತ್ತಿನ ತಾರೀಕು. "ಅತಿಥಿ: ವ್ಯಾನಣ್ಣ. ಇವರು" ಅಷ್ಟೇ. ಅದರ ಕೆಳಗೆ ಸಣ್ಣದಾಗಿ, "ಸುಳ್ಳು ಬರೆಯಲಾರೆ. ನಿಜ ಓದಲಾರೆ. ಅವರಾಗಿಯೇ ಕೇಳಿದಾಗ ಬೇಡ ಅಂದೆ. ಇನ್ನು ಮುಂದಿನ ವಾರವೂ ಇಲ್ಲ."

ಎರಡೂಮುಕ್ಕಾಲು ಆಗಿತ್ತು. ಅಯ್ಯೋ ದೇವರೇ, ಅಂದ ಅವನು, ಗಟ್ಟಿಯಾಗಿ. ಉಳಿದ ಡಬ್ಬಗಳನ್ನು ಅಂಗಳದಲ್ಲೇ ಬಿಟ್ಟು ವ್ಯಾನ್ ತಿರುಗಿಸಿದ.

ದಾರಿ ಗೊತ್ತಿರುವುದೊಂದೇ ಅವನ ವಿದ್ಯೆ. ಆವತ್ತು ಅದೂ ಕೈಕೊಟ್ಟಿತು. ಆರನೇ ಕಿಲೋಮೀಟರಿಗೆ ರೈಲ್ವೆ ಗೇಟು ಅವನ ಮೂಗಿನ ಮುಂದೆ ಇಳಿಯಿತು. ಗೂಡ್ಸ್ ಗಾಡಿ. ಎಂಥ ಗಾಡಿ ಅಂತೀರಿ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಹತ್ತು ವರ್ಷದಲ್ಲಿ ಬೇಕಿಲ್ಲದೆ ಒಮ್ಮೆಯೂ ಹಾರ್ನ್ ಮಾಡದವನು ಕೈಯೆತ್ತದೆ ಹಾರ್ನ್ ಒತ್ತಿ ಹಿಡಿದ. ಪಕ್ಕದ ಲಾರಿಯವನು ಕಿಟಕಿಯಿಂದ ಬಗ್ಗಿದ.

"ಏನ್ ಸ್ವಾಮಿ, ರೈಲಿಗೆ ಸೈಡ್ ಕೇಳ್ತಿದೀರಾ?"

ವ್ಯಾನಣ್ಣ ತೋಳಿನಿಂದ ಮುಖ ಒರೆಸಿಕೊಂಡ. ಕಣ್ಣು ಮಂಜಾಗಿತ್ತು. ಮೂವತ್ತನಾಲ್ಕು ವಾರ ತಾನು ಹೊರಗೆ ನಿಂತು ಅವಮಾನ ಅಂದುಕೊಂಡದ್ದು ಒಳಗೆ ಏನಾಗಿತ್ತು! ಕನ್ನಡಿ ತಿರುಗಿಸಿದನಲ್ಲ, ಪಾಪಿ ಕೈ. ಮೂರೂಕಾಲು. ನಾಲ್ಕಕ್ಕೆ ಶಾಲೆ ಮುಗಿಯುತ್ತದೆ, ಮಕ್ಕಳನ್ನು ಕರೆದೊಯ್ಯಲು ಮನೆಯವರು ಬರುತ್ತಾರೆ, ನಾಳೆ ಬೆಳಗಿನ ಬಸ್ಸಿಗೆ ಅವಳು ಹೊರಡುತ್ತಾಳೆ. ಗೇಟು ಅರ್ಧ ಏಳುವಷ್ಟರಲ್ಲಿ ವ್ಯಾನ್ ಹಳಿ ದಾಟಿತ್ತು.

ಶಾಲೆಯಲ್ಲಿ ಬೆಂಚಿಲ್ಲದ ಕೋಣೆ. ಇಪ್ಪತ್ತೇಳು ಮಕ್ಕಳು ನೆಲದ ಮೇಲೆ. ಬೋರ್ಡಿನಲ್ಲಿ "ಇಂದಿನ ಅತಿಥಿ" ಅಂತ ಬರೆದು ಮುಂದೆ ಖಾಲಿ. ಬರಬೇಕಾಗಿದ್ದ ರೇಡಿಯೋ ವಾರ್ತೆ ಓದುವವರಿಗೆ ಗಂಟಲು ಕೆಟ್ಟಿದೆ ಅಂತ ದೊಡ್ಡ ಟೀಚರ್ ಹೇಳಿ, ಮೂಲೆಯ ಒಂದೇ ಕುರ್ಚಿಯಲ್ಲಿ ಏನೂ ಅರಿಯದವರಂತೆ ಕೂತಿದ್ದರು. ಚಿಕ್ಕ ಟೀಚರ್ ಮಾತ್ರ ಖಾಲಿ ಕಪಾಟಿನ ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಮುಚ್ಚುತ್ತಿದ್ದಳು.

"ಇಲ್ಲೇ ಇಟ್ಟಿದ್ದೆ. ನೀಲಿ ಪುಸ್ತಕ. ಯಾರಾದ್ರೂ ತಗೊಂಡ್ರಾ? ಯಾರೂ ತೆರೆದು ನೋಡಿಲ್ಲ ತಾನೆ?" ಅವಳು ಮತ್ತೆ ಮೊದಲ ಬಾಗಿಲು ತೆಗೆದಳು.

"ನಾನು ನೋಡಿದೆ," ಅಂತ ಬಾಗಿಲಿಂದ ಮಾತು ಬಂತು.

ಅವನು ಹೊಸಿಲಿನ ಆಚೆ ನಿಂತಿದ್ದ, ಮೈಯೆಲ್ಲ ಧೂಳು, ಎದೆಗೆ ಒತ್ತಿಕೊಂಡ ಪುಸ್ತಕ. ಅವಳು ಅವನನ್ನೂ ಪುಸ್ತಕವನ್ನೂ ನೋಡಿದಳು. ಗೋಡೆಗೆ ಒರಗಿಕೊಂಡಳು. ಮುಖ ಮುಚ್ಚಿಕೊಳ್ಳಲು ಎತ್ತಿದ ಕೈ ಅರ್ಧಕ್ಕೇ ನಿಂತಿತು.

ಅವನು ಹೊಸಿಲು ನೋಡಿದ. ಯಾರೂ ಕರೆದಿಲ್ಲ. ಅಥವಾ ಮೂವತ್ತನಾಲ್ಕು ಸಲ ಕರೆದಿದ್ದಾರೆ. ಬಲಗಾಲಿಟ್ಟು ದಾಟಿದ.

"ಇವತ್ತಿನ ಅತಿಥಿ ನಾನೇ," ಅಂದ.

ಮಕ್ಕಳು ಕೂಗಿದ ಕೂಗಿಗೆ ಕಿಟಕಿ ಅದುರಿತು. ಪುಸ್ತಕವನ್ನು ಅವಳ ಕೈಗೆ ಕೊಟ್ಟ. ಕೊಡುವಾಗ ಬೆರಳಿಗೆ ಬೆರಳು ತಾಗಿತು, ಅವಳ ಕೈ ತಣ್ಣಗಿತ್ತು.

"ಪರಿಚಯ ಆಮೇಲೆ ಓದಿ ಟೀಚರ್. ಮೊದಲು ನನ್ನ ತಪ್ಪು." ಅವನು ಮಕ್ಕಳ ಕಡೆ ತಿರುಗಿದ. ಕೈ ಎಲ್ಲಿಡಬೇಕು ಅಂತ ತಿಳಿಯದೆ ಸ್ಟೀರಿಂಗ್ ಹಿಡಿದ ಹಾಗೆ ಮುಂದೆ ಹಿಡಿದುಕೊಂಡ. "ಡ್ರೈವರಿಗೆ ಮೂರು ಕನ್ನಡಿ ಇರತ್ತೆ. ಹೊರಗೆ ಎರಡು, ಒಳಗೆ ಒಂದು. ಒಳಗಿನದನ್ನ ಒಂದು ಕ್ಷಣ ನೋಡ್ಬೇಕು, ಕಣ್ಣು ರಸ್ತೆಗೆ ವಾಪಸ್ ಬರ್ಬೇಕು. ಮ್ಯೂಸಿಯಂ ದಿನ ನನ್ನ ಕಣ್ಣು ವಾಪಸ್ ಬರ್ಲಿಲ್ಲ. ತಿರುವು ತಪ್ಪಿಸ್ದೆ. ರಸ್ತೆ ಬಂದ್ ಅಂತ ಸುಳ್ಳು ಹೇಳ್ದೆ. ನಿಮ್ಮನ್ನೆಲ್ಲ ಕೂರಿಸ್ಕೊಂಡು ಹಾಗೆ ಮಾಡ್ಬಾರ್ದಿತ್ತು. ಅದು ಮೊದಲನೇ ತಪ್ಪು."

"ಎರಡನೇದು?" ಮುಂದಿನ ಹಲ್ಲು ಬಿದ್ದ ಹುಡುಗಿ ಕೇಳಿದಳು.

"ಎರಡನೇದು ಕನ್ನಡಿ ಚಾವಣಿಗೆ ತಿರುಗಿಸಿದ್ದು. ಕೋಪದಲ್ಲಿ. ಎರಡು ವಾರ ನಾನು ಬದುಕಿರ್ಲಿಲ್ಲ ಮಕ್ಕಳೇ."

"ಕನ್ನಡಿಯಲ್ಲಿ ಏನ್ ನೋಡ್ತಿದ್ರಿ ವ್ಯಾನಣ್ಣ?"

ಅವನು ಚಿಕ್ಕ ಟೀಚರ್ ಕಡೆ ನೋಡಿದ. ಹಲ್ಲಿಲ್ಲದವಳ ಪಕ್ಕದವನು ಬೇಸರದಿಂದ ಮೊಣಕೈಯಲ್ಲಿ ತಿವಿದ. "ಟೀಚರ್‌ನ ಕಣೇ. ಅಷ್ಟೂ ಗೊತ್ತಿಲ್ವಾ? ನಮಗೆಲ್ಲ ಯಾವಾಗಿಂದ್ಲೋ ಗೊತ್ತು."

ಚಿಕ್ಕ ಟೀಚರ್ ಅಳುತ್ತಿದ್ದಳು, ಒರೆಸಿಕೊಳ್ಳದೆ, ಮಕ್ಕಳೆದುರಿಗೇ. ದೊಡ್ಡ ಟೀಚರ್ ಮೂಲೆಯಿಂದ ಕೆಮ್ಮಿದರು. "ಪರಿಚಯ ಬಾಕಿ ಇದೆ. ಎರಡು ಸಾಲು."

ಚಿಕ್ಕ ಟೀಚರ್ ಜಡೆಯಿಂದ ಪೆನ್ಸಿಲ್ ಎಳೆದಳು. ಪುಸ್ತಕವನ್ನು ಗೋಡೆಗೆ ಒತ್ತಿ ಬರೆದಳು. ಅಡ್ಡಗೆರೆ ಹಾಕುವ ಸದ್ದಿಗೆ ಅವನು ಕಿವಿಗೊಟ್ಟು ಕಾದ. ಬರಲಿಲ್ಲ. ಅವಳು ತಿರುಗಿ, ಪುಸ್ತಕ ನೋಡದೆ, ಅವನನ್ನೇ ನೋಡುತ್ತ ಓದಿದಳು.

"ಇವರು ನಮ್ಮ ವ್ಯಾನ್ ಓಡಿಸುವವರು. ಇವರು ನನ್ನವರು."

ದೊಡ್ಡ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಸುಳ್ಳೇನಾದ್ರೂ ಇದೆಯಾ?"

"ಒಂದಕ್ಷರ ಇಲ್ಲ," ಅಂದಳು ಅವಳು.

"ಹಾಗಾದ್ರೆ ನೀವು ಹೋಗಲ್ಲ ಅಲ್ವಾ ಟೀಚರ್?" ಹಲ್ಲಿಲ್ಲದ ಹುಡುಗಿ ಎದ್ದು ನಿಂತಿದ್ದಳು. "ಶಾಲೆ ಹೋಗಲ್ಲ ಅಲ್ವಾ?"

ಅದು ಸುಳ್ಳು ಹೇಳಬಾರದ ಗಳಿಗೆ.

"ಹೋಗ್ಬೇಕು ಪುಟ್ಟಿ," ಅಂದಳು ಅವಳು. "ನಾಳೆ ಬೆಳಗ್ಗೆ. ಎಂಟು ಗಂಟೆ ದಾರಿ."

"ಬಸ್ಸಿಗೆ ಬೇಡ," ಅಂದ ಅವನು. "ನಾನು ಬಿಡ್ತೀನಿ. ಅಕ್ಕನೂ ಬರ್ತಾಳೆ, ಅವಳಿಗೆ ನಿಮ್ಮ ಮನೆ ಹಿರಿಯರ ಹತ್ರ ಮಾತಾಡೋದಿರತ್ತೆ. ಆಮೇಲೆ ಶುಕ್ರವಾರ ಶುಕ್ರವಾರ ನಾನೇ ಬರ್ತೀನಿ. ಅಲ್ಲಿನ ಮಕ್ಕಳಿಗೂ ಅತಿಥಿ ಬೇಕಲ್ಲ. ನನ್ನ ಹತ್ರ ಇನ್ನೂ ಬೇಕಾದಷ್ಟು ತಪ್ಪುಗಳಿವೆ ಟೀಚರ್."

ಅವಳು ಅಳುವಿನ ನಡುವೆ ನಕ್ಕಳು. ಕೆನ್ನೆಯ ಗುಳಿಯನ್ನು ಅವನು ಮೊದಲ ಸಲ ಕನ್ನಡಿಯಿಲ್ಲದೆ ನೋಡಿದ. ಅವಳ ಬೆರಳು ನಿಧಾನವಾಗಿ ಮೇಲೆದ್ದಿತು. ಮುಂದಿನ ಸಾಲಿನಿಂದ ಶುರು ಮಾಡಿ ಒಂದೊಂದು ತಲೆಯ ಮೇಲೂ ನಿಲ್ಲಿಸಿ ಎಣಿಸಿದಳು, ಇನ್ನೆಂದೂ ಎಣಿಸಲು ಸಿಗದ ತಲೆಗಳು. ಇಪ್ಪತ್ತೇಳಕ್ಕೆ ದನಿ ಒಡೆಯಿತು. ಬೆರಳು ಅವನ ಕಡೆ ತಿರುಗಿತು.

"ಇಪ್ಪತ್ತೆಂಟು," ಅಂದಳು.

ಗೋಡೆ ಗಡಿಯಾರ ಬೆಳಗ್ಗೆಯೇ ಸಾಗಿ ಹೋಗಿತ್ತು. ದೊಡ್ಡ ಟೀಚರ್ ಕೈಗಡಿಯಾರ ನೋಡಿ, ನಾಲ್ಕಾಯಿತು, ಯಾರಾದರೂ ಗಂಟೆ ಬಾರಿಸಿ ಬನ್ನಿ ಅಂದರು. ಆಮೇಲೆ ಅವರಿಗೇ ನೆನಪಾಯಿತು. ಗಂಟೆಯನ್ನು ವ್ಯಾನಣ್ಣ ಬೆಳಗ್ಗೆ ಮಡಿಲಲ್ಲಿಟ್ಟುಕೊಂಡು ಹೋಗಿ ಹದಿನಾಲ್ಕು ಕಿಲೋಮೀಟರ್ ಆಚೆ ಬಿಟ್ಟು ಬಂದಿದ್ದ.

ಗಂಟೆ ಬಾರಿಸದೆ ಕ್ಲಾಸು ಮುಗಿಯುವುದಿಲ್ಲ. ಅದು ಮಕ್ಕಳಿಗೂ ಗೊತ್ತು. ಯಾರೂ ಏಳಲಿಲ್ಲ.